ಅರ್ಧ ದಾಟಿದ ಮೇಲೆ

ರಾತ್ರಿ ಮಾತ್ರ ಸಿಳ್ಳೆ ಹಾಕುತ್ತದಂತೆ.
ಉರ್ಮಾಸ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ,
ಪಕ್ಕದಲ್ಲಿ ಹಳೆ ಪತ್ರಿಕೆ ಸುತ್ತಿದ ಹೊಗೆಮೀನು,
ನನ್ನ ಕೂಲಿಯ ಮುಂಗಡ.
"ನನಗಂತೂ ಏನೂ ಕೇಳ್ಸಲ್ಲ. ಮಗಳು ಹೇಳೋದು.
ದೋಣೀಲಿ ಮಲಗಿದ್ರೆ ನಿದ್ದೆ ಹತ್ತಲ್ಲವಂತೆ."

ಪಿರೆಟ್, ಹನ್ನೊಂದು ವರ್ಷ, ಹೊಸ್ತಿಲಲ್ಲೇ ನಿಂತಿದ್ದಳು,
ಬೂಟಿನ ಅಕ್ಟೋಬರ್ ಕೆಸರು ಒಳಗೆ ತರಬಾರದೆಂದು.

ನಾಸ್ವಾ ಬಂದರಿನಲ್ಲಿ ಮೂವತ್ತೆಂಟು ವರ್ಷ
ಇಂಥವನ್ನೇ ಬಿಚ್ಚಿದ್ದೇನೆ:
ಬ್ಯಾಟರಿಯ ಇಪ್ಪತ್ತೆಂಟು ವೋಲ್ಟನ್ನು ಹನ್ನೆರಡಕ್ಕಿಳಿಸಿ
ರೇಡಿಯೊಗೆ, ದೀಪಕ್ಕೆ, ಮೀನು ಹುಡುಕುವ ಪರದೆಗೆ
ಉಣಿಸುವ ಪೆಟ್ಟಿಗೆ.
ಒಳಗೆ ಒಂದು ಬಾಗಿಲು, ಒಂದು ತಾಮ್ರದ ಸುರುಳಿ,
ಒಬ್ಬ ಕಾವಲುಗಾರ.
ಗಡಿಯಾರ ತಟ್ಟಿದೊಡನೆ ಬಾಗಿಲು ತೆರೆಯುತ್ತದೆ;
ಸುರುಳಿಯಲ್ಲಿ ಕರೆಂಟು ಏರುತ್ತದೆ, ಏರುತ್ತದೆ,
ಗೆರೆ ಮುಟ್ಟಿತೋ, ಸಾಕು, ಮುಚ್ಚು.
ಸೆಕೆಂಡಿಗೆ ಮೂವತ್ತು ಸಾವಿರ ಸಲ
ಇದೇ ಬಡಿಸು, ಇದೇ ಸಾಕು.

ವೋಲ್ಟೇಜೊಂದನ್ನೇ ನೋಡುವವರು
ಕೊಡ ತುಂಬಿತೇ ಎಂದು ಇಣುಕುತ್ತಾರೆ.
ಇವನು ಸುರಿಯುವ ಕೈಯನ್ನೇ ಹಿಡಿದಿರುತ್ತಾನೆ.
ಅದಕ್ಕೇ ನನಗೆ ಇವನ ಮೇಲೆ ಅಕ್ಕರೆ.

ಮೇಜಿನ ಇಪ್ಪತ್ತೆಂಟು ವೋಲ್ಟಿಗೆ ಸಿಕ್ಕಿಸಿದೆ.
ಪರದೆಯ ಮೇಲೆ ಗರಗಸದ ಹಲ್ಲು, ಎಲ್ಲವೂ ಒಂದೇ ಎತ್ತರ.
"ಸರಿಯಾಗೇ ಇದೆಯಲ್ಲ?"
ಹೊಸ್ತಿಲಿಂದ ಉತ್ತರ: "ಈಗ ಕೂಗ್ತಿಲ್ಲ."

ಈಗ.
ಆ ಒಂದು ಮಾತಿಗೆ ನನ್ನ ಕೈ ನಿಂತಿತು.
ರಾತ್ರಿ ಎಂಜಿನ್ ಆರಿರುತ್ತದೆ, ಚಳಿಗೆ ಬ್ಯಾಟರಿ ಮುದುಡುತ್ತದೆ.
ಗುಂಡಿ ತಿರುಗಿಸಿದೆ: ಇಪ್ಪತ್ತಾರು, ಇಪ್ಪತ್ತೈದು,
ಇಪ್ಪತ್ತನಾಲ್ಕು, ಬಾಗಿಲು ತೆರೆದಷ್ಟೇ ಹೊತ್ತು ಮುಚ್ಚಿರುವ ಜಾಗ,
ಇಪ್ಪತ್ತೆರಡು.
ಪಿರೆಟ್ ಕಿವಿ ಮುಚ್ಚಿಕೊಂಡಳು.

ನನಗೆ ಕೇಳಿಸಿದ್ದು ಒಲೆಯಲ್ಲಿ ಸಿಡಿಯುವ ಕಟ್ಟಿಗೆ, ಅಷ್ಟೆ.
ಕಂಡದ್ದು ಬೇರೆ:
ಒಂದು ಹಲ್ಲು ಉದ್ದ, ಒಂದು ಗಿಡ್ಡ, ಉದ್ದ, ಗಿಡ್ಡ,
ಅತ್ತೆಗೊಂದು ಸಲ, ಸೊಸೆಗೊಂದು ಸಲ.
ಸರಾಸರಿ ತೆಗೆದರೆ ಹನ್ನೆರಡೇ; ರೇಡಿಯೊದ್ದೇನೂ ದೂರಿಲ್ಲ.
ಮೂವತ್ತು ಸಾವಿರ ಮಾತ್ರ ಎರಡೆರಡು ಜೋಡಿಯಾಗಿ
ಹದಿನೈದು ಸಾವಿರವಾಗಿತ್ತು,
ಸುರುಳಿ ಆ ಸ್ವರದಲ್ಲಿ ನಡುಗುತ್ತಿತ್ತು,
ನನ್ನ ಕಿವಿ ಯಾವತ್ತೋ ಬೀಗ ಹಾಕಿದ ಸ್ವರ.

ಅರ್ಧ ದಾಟಿದ ಮೇಲೆ ಹೀಗೆ.
ಏರು ಮೆಲ್ಲನೆ, ಇಳಿತ ಕಡಿದು.
ಈ ಸುತ್ತಿನ ಕೂದಲೆಳೆಯ ತಪ್ಪು
ಮುಂದಿನ ಸುತ್ತಿಗೆ ಮಗ್ಗುಲು ಬದಲಿಸಿ ಬೆಳೆದಿರುತ್ತದೆ,
ಅದನ್ನು ತಿದ್ದಹೋಗಿ ಅದರಾಚೆಯದು ಇನ್ನಷ್ಟು.
ಕಾವಲುಗಾರ ಸೋಮಾರಿಯಲ್ಲ,
ಅವನದು ಕಡು ನಿಯತ್ತು. ಗೆರೆಯೆಂದರೆ ಗೆರೆ.

ಅಂಥವನಿಗೆ ಒಂದು ಸಣ್ಣ ಸುಳ್ಳು ಹೇಳಬೇಕು.
ಗಡಿಯಾರದಿಂದ ಒಂದು ಇಳಿಜಾರು ಕದ್ದು
ಅವನ ಕಣ್ಣಿಗೆ ಬೆರೆಸಬೇಕು:
ಹೊತ್ತು ಸರಿದಂತೆಲ್ಲ ಕರೆಂಟು
ಇರುವುದಕ್ಕಿಂತ ತುಸು ಹೆಚ್ಚೇ ಇದೆ ಎಂದು.
ಅವನು ತುಸು ಮೊದಲೇ ಸಾಕೆನ್ನುತ್ತಾನೆ,
ತಪ್ಪು ಸುತ್ತಿನಿಂದ ಸುತ್ತಿಗೆ ಸವೆಯುತ್ತದೆ.
ಅತಿಯಾಗಿ ಹೇಳಿದಿರೋ,
ಸುರುಳಿಯನ್ನೇ ಮರೆತು ಗಡಿಯಾರ ನೋಡುತ್ತ ಕೂರುತ್ತಾನೆ.
ಎಷ್ಟು ಸುಳ್ಳು? ಪುಸ್ತಕದಲ್ಲಿ ಲೆಕ್ಕವಿದೆ.
ನನ್ನ ಡಬ್ಬಿಯಲ್ಲಿ ಇದ್ದ ರೆಸಿಸ್ಟರುಗಳು ಮೂರು.

ನಲವತ್ತೇಳು ಕಿಲೋ ಓಮ್. "ಇದೆ."
ಮೂವತ್ತಮೂರು. ಹಲ್ಲುಗಳು ಸಮನಾದವು,
ಕನ್ನಡಕ ಒರೆಸಿ ನೋಡಿದರೂ ಸಮ.
"ಇನ್ನೂ ಇದೆ," ಅಂದಳು, "ಬಂದು ಬಂದು ಹೋಗುತ್ತೆ."
ಲಕ್ಷ ಕೊಟ್ಟು ತಂದ ಯಂತ್ರವನ್ನು ನಂಬಲೋ,
ಕೆಸರು ಬೂಟಿನ ಹುಡುಗಿಯನ್ನೋ.
ಮತ್ತೆ ಬೆಸುಗೆ ಕಾಯಿಸಿದೆ. ಇಪ್ಪತ್ತೆರಡು.

"ಹೋಯ್ತಾ?" ಉರ್ಮಾಸ್ ಕೇಳಿದ, ನನ್ನನ್ನು.
ನಾನು ಅವಳ ಮುಖ ನೋಡಿದೆ, ಅವನೂ ನೋಡಿದ,
ನಮ್ಮಿಬ್ಬರ ನೂರಿಪ್ಪತ್ತು ವರ್ಷ ಉಸಿರು ಹಿಡಿದು ಕಾದವು.
ಅವಳು ಆಗಲೇ ಬೂಟು ಕಳಚಿ ಒಳಗೆ ಬಂದು
ಮೀನಿನ ಪೊಟ್ಟಣ ಬಿಚ್ಚುತ್ತಿದ್ದಳು.